ಹರ್ನಿಯಾ ಇದ್ದಾಗ ವ್ಯಾಯಾಮ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ತೊಡೆಸಂದಿನಲ್ಲೋ ಹೊಕ್ಕುಳಲ್ಲೋ ಹರ್ನಿಯಾ ಇದೆ ಎಂದು ಗೊತ್ತಾದವರು ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಕೆಲವರು ಹೆದರಿ ನಡೆಯುವುದನ್ನೂ ಬಿಟ್ಟು ಕೂತುಬಿಡುತ್ತಾರೆ. ಇನ್ನು ಕೆಲವರು ಹೊಟ್ಟೆ ಗಟ್ಟಿಯಾದರೆ ತೂತು ಮುಚ್ಚಿಕೊಳ್ಳುತ್ತದೆ ಎಂದು ನಂಬಿ ದಿನಾ ನೂರು ಸಿಟ್‌ಅಪ್ ಹೊಡೆಯುತ್ತಾರೆ. ಈ ಪುಟ ಇಬ್ಬರಿಗೂ.

ಓದುವ ಮುನ್ನ ಒಂದು ಮಾತು. ಉಬ್ಬು ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ಜೋರಾಗಿ ನೋಯುತ್ತಿದ್ದರೆ ಅಥವಾ ಜೊತೆಗೆ ವಾಂತಿ ಆಗುತ್ತಿದ್ದರೆ ಇದನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಹರ್ನಿಯಾ ಅಂದರೆ ನಿಜಕ್ಕೂ ಏನು?

ಸೈಕಲ್ಲಿನ ಟಯರ್ ಒಂದು ಕಡೆ ಸೀಳಿದರೆ ಅಲ್ಲಿಂದ ಟ್ಯೂಬ್ ಉಬ್ಬಿ ಹೊರಗೆ ಇಣುಕುತ್ತದೆ. ಗಾಳಿ ತುಂಬಿದಷ್ಟೂ ಉಬ್ಬು ದೊಡ್ಡದು, ಗಾಳಿ ಇಳಿಸಿದರೆ ಒಳಗೆ ಸರಿಯುತ್ತದೆ, ಸೀಳು ಮಾತ್ರ ಹಾಗೇ ಇರುತ್ತದೆ. ಹೊಟ್ಟೆಯ ಗೋಡೆಯಲ್ಲೂ ಆಗುವುದು ಇದೇ. ಸ್ನಾಯು ಮತ್ತು ಅದಕ್ಕಂಟಿದ ಗಟ್ಟಿ ಪದರ ಎಲ್ಲೋ ಸಡಿಲವಾಗಿರುತ್ತದೆ. ಒಳಗಿನ ತೆಳ್ಳನೆಯ ಪೊರೆ ಅಲ್ಲಿಂದ ಚೀಲದಂತೆ ಹೊರಬರುತ್ತದೆ. ಆ ಚೀಲಕ್ಕೆ ಕೊಬ್ಬು ಇಳಿಯಬಹುದು, ಕರುಳಿನ ಒಂದು ಸುರುಳಿಯೂ ಇಳಿಯಬಹುದು. ‘ಕರುಳು ಜಾರಿದೆ’ ಎಂದು ಊರಲ್ಲಿ ಹೇಳುವುದು ಇದಕ್ಕೇ. ನಿಂತಾಗ, ಕೆಮ್ಮಿದಾಗ ಉಬ್ಬು ಕಾಣಿಸಿ ಅಂಗಾತ ಮಲಗಿದಾಗ ಮಾಯವಾಗುವುದಕ್ಕೆ ಕಾರಣ ಹೊಟ್ಟೆಯೊಳಗಿನ ಒತ್ತಡದ ಏರಿಳಿತ.

ಎಷ್ಟು ಬಗೆ ಇವೆ? ನನ್ನದು ಯಾವುದು ಅಂತ ತಿಳಿಯುವುದು ಮುಖ್ಯವೇ?

ಬಹಳ ಮುಖ್ಯ. ಯಾವ ವ್ಯಾಯಾಮ ಸರಿ, ಆಪರೇಷನ್ನಿಗೆ ಎಷ್ಟು ದಿನ ಕಾಯಬಹುದು ಎನ್ನುವುದೆಲ್ಲ ಅದರ ಮೇಲೆ ನಿಂತಿದೆ.

ಹೊಟ್ಟೆಯ ಗೋಡೆಯ ಹರ್ನಿಯಾಗಳಲ್ಲಿ ನಾಲ್ಕಕ್ಕೆ ಮೂರರಷ್ಟು ತೊಡೆಸಂದಿನವು. ಇದನ್ನು ಇಂಗ್ವೈನಲ್ ಹರ್ನಿಯಾ ಎನ್ನುತ್ತಾರೆ. ಉಬ್ಬು ತೊಡೆಸಂದಿನ ಗೆರೆಯಿಂದ ತುಸು ಮೇಲೆ ಬರುತ್ತದೆ, ಗಂಡಸರಲ್ಲಿ ಕೆಲವೊಮ್ಮೆ ವೃಷಣದ ಚೀಲದವರೆಗೂ ಇಳಿಯುತ್ತದೆ. ಗಂಡು ಮಗು ತಾಯಿಯ ಗರ್ಭದಲ್ಲಿದ್ದಾಗ ವೃಷಣ ಹೊಟ್ಟೆಯಿಂದ ಕೆಳಗಿಳಿದು ಬಂದ ದಾರಿ ಇದು. ಆ ದಾರಿ ಪೂರ್ತಿ ಮುಚ್ಚದೆ ಉಳಿದರೆ ಅಥವಾ ಅದರ ಹಿಂದಿನ ಗೋಡೆ ವಯಸ್ಸಾದಂತೆ ಸಡಿಲವಾದರೆ ಹರ್ನಿಯಾ ಬರುತ್ತದೆ. ಜೀವಮಾನದಲ್ಲಿ ಒಮ್ಮೆ ಇದು ಬರುವ ಸಾಧ್ಯತೆ ಗಂಡಸರಲ್ಲಿ ಸುಮಾರು ಶೇ. 27, ಹೆಂಗಸರಲ್ಲಿ ಶೇ. 3.

ಉಬ್ಬು ಅದೇ ಗೆರೆಯ ಕೆಳಗೆ, ತೊಡೆಯ ಮೇಲ್ಭಾಗದಲ್ಲಿದ್ದರೆ ಅದು ಫೆಮೊರಲ್ ಹರ್ನಿಯಾ. ಹೆಂಗಸರಲ್ಲಿ ಹೆಚ್ಚು. ಬಾಯಿ ಕಿರಿದು, ಸುತ್ತಲಿನ ಅಂಚು ಗಟ್ಟಿ, ಹಾಗಾಗಿ ಕರುಳು ಸಿಕ್ಕಿಬೀಳುವುದು ಸುಲಭ. 1991ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಕಾಣಿಸಿಕೊಂಡ 3 ತಿಂಗಳೊಳಗೆ ರಕ್ತ ಸಂಚಾರ ಕಟ್ಟಿಹೋಗುವ ಸಾಧ್ಯತೆ ಫೆಮೊರಲ್‌ಗೆ ಶೇ. 22 ಇದ್ದರೆ ಇಂಗ್ವೈನಲ್‌ಗೆ ಶೇ. 2.8 ಮಾತ್ರ ಇತ್ತು. ಫೆಮೊರಲ್ ಇದ್ದವರು ವ್ಯಾಯಾಮದ ಪಟ್ಟಿ ಹುಡುಕುವುದು ಬೇಡ, ಮೊದಲು ಶಸ್ತ್ರವೈದ್ಯರನ್ನು ಕಾಣಿ. ಹೆಂಗಸರ ತೊಡೆಸಂದಿನಲ್ಲಿ ಯಾವ ಉಬ್ಬು ಬಂದರೂ ಈ ಅನುಮಾನ ಇಟ್ಟುಕೊಂಡೇ ನೋಡಬೇಕು. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುವವರು ತುಂಬ ಜನ. ಮಹಿಳಾ ವೈದ್ಯರೇ ಬೇಕೆಂದು ಕೇಳಿ ತೋರಿಸಿಕೊಳ್ಳಿ, ತಡ ಮಾತ್ರ ಮಾಡಬೇಡಿ.

ಇವಲ್ಲದೆ ಹೊಕ್ಕುಳ ಹರ್ನಿಯಾ ಇದೆ, ಹಳೆಯ ಆಪರೇಷನ್ನಿನ ಗಾಯದ ಜಾಗದಲ್ಲಿ ಬರುವ ಇನ್ಸಿಷನಲ್ ಹರ್ನಿಯಾ ಇದೆ. ಈ ಎರಡಕ್ಕೂ ಬೊಜ್ಜಿಗೂ ನೇರ ನಂಟು. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿ ಆಗುವ ಹಯೇಟಸ್ ಹರ್ನಿಯಾ ಬೇರೆಯೇ ಕಥೆ, ಅದನ್ನು ಕೆಳಗೆ ಹೇಳಿದ್ದೇವೆ.

ಭಾರ ಎತ್ತಿದ್ದರಿಂದಲೇ ಬಂತಾ?

ಮೂಟೆ ಎತ್ತಿದ ದಿನ ಉಬ್ಬು ಕಂಡಿರಬಹುದು, ಆದರೆ ಗೋಡೆ ಸಡಿಲವಾಗಿದ್ದು ಅದಕ್ಕೂ ಬಹಳ ಮೊದಲು. ಹುಟ್ಟಿನಿಂದ ಉಳಿದ ದಾರಿ, ಮನೆತನದಲ್ಲಿ ಬಂದ ತೆಳು ಕೊಲಾಜನ್ (ದೇಹದ ಪದರಗಳಿಗೆ ಬಿಗಿ ಕೊಡುವ ನಾರು), ವಯಸ್ಸು, ಬೀಡಿ ಸಿಗರೇಟು, ವರ್ಷಗಟ್ಟಲೆಯ ಕೆಮ್ಮು, ಇವು ಬುನಾದಿ ಹಾಕುತ್ತವೆ. ಕೊನೆಯ ಭಾರ ಅದನ್ನು ಹೊರಗೆ ತೋರಿಸುತ್ತದೆ ಅಷ್ಟೆ.

ವ್ಯಾಯಾಮದಿಂದ, ಯೋಗದಿಂದ, ಎಣ್ಣೆ ಹಚ್ಚುವುದರಿಂದ ವಾಸಿಯಾಗುತ್ತದೆಯೇ?

ದೊಡ್ಡವರಲ್ಲಿ ಇಲ್ಲ. ಸ್ನಾಯುವನ್ನು ಬಲಪಡಿಸಬಹುದು, ಆದರೆ ತೂತು ಇರುವ ಕಡೆ ಸ್ನಾಯುವೇ ಇಲ್ಲ. ಮುಚ್ಚಲು ಹೊಲಿಗೆ ಅಥವಾ ಜಾಲರಿಯೇ ಬೇಕು. ‘ಆಪರೇಷನ್ ಇಲ್ಲದೆ 21 ದಿನದಲ್ಲಿ ಗುಣ’ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ದುಡ್ಡಿಗಿಂತ ದೊಡ್ಡ ನಷ್ಟ ಆ ನಂಬಿಕೆಯಲ್ಲಿ ಕಳೆದುಹೋಗುವ ಸಮಯ.

ಹಾಗಿದ್ದ ಮೇಲೆ ವ್ಯಾಯಾಮ ಯಾಕೆ ಮಾಡಬೇಕು?

ತೂಕ ಇಳಿಯಲಿಕ್ಕೆ, ಮಲ ಸಲೀಸಾಗಿ ಹೋಗಲಿಕ್ಕೆ, ಶ್ವಾಸಕೋಶ ಚೆನ್ನಾಗಿರಲಿಕ್ಕೆ, ನಾಳೆ ಆಪರೇಷನ್ ಆದರೆ ಬೇಗ ಎದ್ದು ಓಡಾಡಲಿಕ್ಕೆ. ಇನ್ನೊಂದು ಕಾರಣವೂ ಇದೆ. ಭಾರ ಎತ್ತುವಾಗ ಉಸಿರನ್ನು ಹೇಗೆ ಬಿಡಬೇಕು ಎಂದು ದೇಹ ಒಮ್ಮೆ ಕಲಿತರೆ ದಿನವಿಡೀ ಹರ್ನಿಯಾದ ಮೇಲೆ ಬೀಳುವ ಒತ್ತಡ ಇಳಿಯುತ್ತದೆ.

ಅಮೆರಿಕದಲ್ಲಿ 20 ಮಂದಿ ಆರೋಗ್ಯವಂತ ಯುವಕ ಯುವತಿಯರ ಹೊಟ್ಟೆಯೊಳಗಿನ ಒತ್ತಡ ಅಳೆದು 2005ರಲ್ಲಿ ಪ್ರಕಟಿಸಿದರು. ಸರಾಸರಿ ಲೆಕ್ಕದಲ್ಲಿ ಮಲಗಿದ್ದಾಗ 2 ಮಿಲಿಮೀಟರ್ ಪಾದರಸದಷ್ಟು, ನಿಂತಾಗ 20, ಕೆಮ್ಮಿದಾಗ ಸುಮಾರು 108, ನಿಂತಲ್ಲೇ ಹಾರಿದಾಗ 171. ನಾಲ್ಕೂವರೆ ಕೆಜಿ ತೂಕವನ್ನು ಕೈಯಲ್ಲಿ ಎತ್ತಿದಾಗ, ಮಂಡಿ ಬಗ್ಗಿಸಿದಾಗ ಒತ್ತಡ ಅಷ್ಟೇನೂ ಏರಲಿಲ್ಲ. ಅಂದರೆ ಎರಡು ಲೋಟದ ಪಾತ್ರೆ ಎತ್ತಲಿಕ್ಕೂ ಹೆದರುತ್ತ, ಅತ್ತ ಬೀಡಿ ಸೇದಿ ದಿನಕ್ಕೆ ಐವತ್ತು ಸಲ ಕೆಮ್ಮುವವರು ಹೆದರಬೇಕಾದ ಕಡೆ ಹೆದರುತ್ತಿಲ್ಲ.

ಶುರು ಮಾಡುವ ಮೊದಲು ಏನು ನೋಡಿಕೊಳ್ಳಬೇಕು?

ಶಸ್ತ್ರವೈದ್ಯರೊಬ್ಬರು ನಿಲ್ಲಿಸಿ, ಕೆಮ್ಮಿಸಿ, ಮಲಗಿಸಿ ಪರೀಕ್ಷೆ ಮಾಡಿರಬೇಕು. ಹೆಚ್ಚಿನವರಿಗೆ ಅಷ್ಟೇ ಸಾಕು, ಅನುಮಾನ ಇದ್ದರೆ ಮಾತ್ರ ಅಲ್ಟ್ರಾಸೌಂಡ್. ಅವರನ್ನು ಮೂರು ವಿಷಯ ಕೇಳಿ: ಇದು ಯಾವ ಬಗೆ, ಪೂರ್ತಿ ಒಳಗೆ ಹೋಗುತ್ತದೆಯೇ, ಕಾಯಬಹುದೇ.

ಉಬ್ಬು ಒಳಗೆ ಹೋಗದವರು, ದಿನದಿನಕ್ಕೆ ದೊಡ್ಡದಾಗುತ್ತಿರುವವರು, ಆಗಾಗ ಹೊಟ್ಟೆ ಹಿಂಡಿ ವಾಂತಿ ಬರುವವರು ಕೆಳಗಿನ ವ್ಯಾಯಾಮ ಯಾವುದನ್ನೂ ತಾವಾಗಿ ಶುರು ಮಾಡಬಾರದು. ಅವರಿಗೆ ನಿಧಾನ ನಡಿಗೆ ಮಾತ್ರ, ಅದೂ ವೈದ್ಯರನ್ನು ಕೇಳಿ.

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ. ಸರಿಯಾಗಿ ಮಾಡುವುದು ಹೇಗೆ?

ಭಾರ ಎತ್ತುವಾಗ ನಾವು ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿದು ಮುಕ್ಕರಿಯುತ್ತೇವೆ. ಆಗ ಗಂಟಲು ಮುಚ್ಚಿರುತ್ತದೆ, ವಪೆ ಕೆಳಗೆ ಒತ್ತುತ್ತದೆ, ಸುತ್ತಲಿನ ಸ್ನಾಯು ಒಳಗೆ ಹಿಂಡುತ್ತದೆ. ಒತ್ತಡಕ್ಕೆ ಹೊರಗೆ ಹೋಗಲು ಉಳಿಯುವುದು ಸಡಿಲವಾದ ಜಾಗ ಒಂದೇ.

ಇದನ್ನು ಬಿಡಿಸುವುದು ಹೀಗೆ. ಅಂಗಾತ ಮಲಗಿ ಮಂಡಿ ಮಡಚಿ, ಪಾದ ನೆಲಕ್ಕೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ, ಹೊಟ್ಟೆಯ ಮೇಲಿನ ಕೈ ಮೇಲೇಳಬೇಕು. ಬಿಸಿ ಕಾಫಿ ಊದುವ ಹಾಗೆ ತುಟಿ ಸಣ್ಣ ಮಾಡಿ 6 ಎಣಿಸುವಷ್ಟು ಹೊತ್ತು ಬಿಡಿ. ಬಿಡುತ್ತ ಹೋದಂತೆ ಹೊಕ್ಕುಳ ಕೆಳಗಿನ ಭಾಗವನ್ನು ಮೆಲ್ಲನೆ ಒಳಗೆಳೆದು, ಮೂತ್ರ ತಡೆಹಿಡಿದಂತೆ ಕೆಳಗಿನ ಸ್ನಾಯುವನ್ನು ಮೇಲೆತ್ತಿ. ಪೂರ್ತಿ ಬಲ ಹಾಕಬೇಡಿ, ಮೂರರಲ್ಲೊಂದು ಪಾಲು ಸಾಕು. ಬೆಳಿಗ್ಗೆ 5 ನಿಮಿಷ, ಸಂಜೆ 5 ನಿಮಿಷ.

ಒಂದು ವಾರ ಇದು ರೂಢಿಯಾದ ಮೇಲೆ ಇದನ್ನೇ ಪ್ರತಿ ಚಲನೆಗೂ ಹಚ್ಚಿ. ಕಷ್ಟದ ಹೊತ್ತಿಗೆ ಉಸಿರು ಹೊರಗೆ, ಸುಲಭದ ಹೊತ್ತಿಗೆ ಉಸಿರು ಒಳಗೆ. ಕುರ್ಚಿಯಿಂದ ಏಳುವಾಗ ಹೊರಗೆ. ಕೊಡ ಎತ್ತುವಾಗ ಹೊರಗೆ. ಉಸಿರು ಹಿಡಿಯದೆ ಎತ್ತಲಾಗದ ಭಾರ ಸದ್ಯಕ್ಕೆ ನಿಮ್ಮದಲ್ಲ.

ಮನೆಯಲ್ಲಿ ಯಾವ ವ್ಯಾಯಾಮ ಮಾಡಬಹುದು?

ನಡಿಗೆಯಿಂದ ಶುರು. ಮಾತಾಡುತ್ತ ನಡೆಯಬಹುದಾದ ವೇಗದಲ್ಲಿ ಮೊದಲ ವಾರ ದಿನಕ್ಕೆ 15 ನಿಮಿಷ, ಆಮೇಲೆ ವಾರಕ್ಕೆ 5 ನಿಮಿಷ ಸೇರಿಸುತ್ತ 40ರವರೆಗೆ. ಹೊಟ್ಟೆ ತುಂಬ ತಿಂದು ತಕ್ಷಣ ಹೊರಡಬೇಡಿ.

ನಡಿಗೆಯ ಜೊತೆಗೆ ವಾರಕ್ಕೆ 3 ದಿನ ಈ ಐದನ್ನು ಮಾಡಿ. ಎಲ್ಲದಕ್ಕೂ ಮೊದಲು ಮಲಗಿ ಉಬ್ಬು ಪೂರ್ತಿ ಒಳಗೆ ಹೋಗಿದೆ ಎಂದು ಕೈಯಿಂದ ನೋಡಿಕೊಳ್ಳಿ.

1. ಸೊಂಟ ಒತ್ತುವುದು. ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಬಿಡುತ್ತ ಸೊಂಟದ ಕೆಳಗಿನ ಖಾಲಿ ಜಾಗ ನೆಲಕ್ಕೆ ತಾಗುವಂತೆ ಒತ್ತಿ, 5 ಎಣಿಸಿ, ಬಿಡಿ. 10 ಸಲ.

2. ದಿಂಬು ಹಿಂಡುವುದು. ಅದೇ ಭಂಗಿಯಲ್ಲಿ ಮಂಡಿಗಳ ನಡುವೆ ದಿಂಬು ಇಟ್ಟು ಉಸಿರು ಬಿಡುತ್ತ 5 ಸೆಕೆಂಡ್ ಹಿಂಡಿ. 10 ಸಲ. ತೊಡೆಯ ಒಳಭಾಗಕ್ಕೆ, ತೊಡೆಸಂದಿಗೆ ಇದು ಒಳ್ಳೆಯದು.

3. ಹಿಮ್ಮಡಿ ಜಾರಿಸುವುದು. ಉಸಿರು ಬಿಡುತ್ತ ಒಂದು ಹಿಮ್ಮಡಿಯನ್ನು ನೆಲದ ಮೇಲೇ ಜಾರಿಸುತ್ತ ಕಾಲು ಚಾಚಿ, ಉಸಿರು ಎಳೆದುಕೊಳ್ಳುತ್ತ ವಾಪಸ್ ತನ್ನಿ. ಒಂದೊಂದು ಕಾಲಿಗೆ 8 ಸಲ. ಹಿಮ್ಮಡಿ ನೆಲ ಬಿಟ್ಟು ಮೇಲೇಳಬಾರದು, ಎದ್ದರೆ ಇಡೀ ಕಾಲಿನ ಭಾರ ಹೊಟ್ಟೆಯ ಮೇಲೆ ಬೀಳುತ್ತದೆ.

4. ಸೇತುವೆ. ಉಸಿರು ಬಿಡುತ್ತ ನಿತಂಬವನ್ನು ನೆಲದಿಂದ ಒಂದು ಗೇಣು ಎತ್ತಿ, 3 ಎಣಿಸಿ ಇಳಿಸಿ. 10 ಸಲದ ಎರಡು ಸುತ್ತು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವವರಿಗೆ ಹೊಕ್ಕುಳ ಸುತ್ತ ಎಳೆತ ಬರುತ್ತದೆ. ನಿತಂಬದ ಬಲದಿಂದ ಎತ್ತಿ, ಪಕ್ಕೆಲುಬು ಮುಂದೆ ಚಾಚದಿರಲಿ.

5. ಗೋಡೆಗೆ ಒರಗಿ ಅರ್ಧ ಬಸ್ಕಿ. ಬೆನ್ನು ಗೋಡೆಗೆ ಆನಿಸಿ, ಮಂಡಿ ಅರ್ಧದಷ್ಟೇ ಬಗ್ಗುವವರೆಗೆ ಜಾರಿ, ಉಸಿರು ಬಿಡುತ್ತ ಮೇಲೆ ಬನ್ನಿ. 8 ರಿಂದ 10 ಸಲ.

ಮೂರು ವಾರ ಯಾವ ತೊಂದರೆಯೂ ಇಲ್ಲದೆ ಆದರೆ ಕೈಕಾಲು ಊರಿ ಒಂದು ಕೈ, ಎದುರಿನ ಕಾಲು ಚಾಚುವ ವ್ಯಾಯಾಮ ಸೇರಿಸಬಹುದು. ಬಗ್ಗಿ ಕೈಕಾಲು ಊರಿದಾಗ ಹೊಟ್ಟೆಯ ಭಾರ ಕೆಳಗೆ ಜೋಲುವುದರಿಂದ ಹೊಕ್ಕುಳ ಹರ್ನಿಯಾ ಇದ್ದವರು ಅದನ್ನು ಗೋಡೆಗೆ ಕೈ ಊರಿ ನಿಂತೇ ಮಾಡುವುದು ವಾಸಿ.

ಮುಗಿದ ಮೇಲೆ ಏಳುವ ರೀತಿಯೂ ವ್ಯಾಯಾಮದ ಭಾಗವೇ. ಅಂಗಾತದಿಂದ ಧಡಕ್ಕನೆ ಎದ್ದು ಕೂರುವುದು ಒಂದು ಸಿಟ್‌ಅಪ್‌ಗೆ ಸಮ. ಮೊದಲು ಮಗ್ಗುಲಿಗೆ ಹೊರಳಿ, ಕಾಲು ಮಡಚಿ, ಕೈ ಊರಿ ಏಳಿ. ಹಾಸಿಗೆಯಿಂದಲೂ ದಿನಾ ಹೀಗೇ.

ಮಾಡುತ್ತಿರುವಾಗ ಉಬ್ಬು ಹೊರಬಂದರೆ?

ನಿಲ್ಲಿಸಿ ಮಲಗಿ. ಸೊಂಟದ ಕೆಳಗೆ ಒಂದು ದಿಂಬು, ಮಂಡಿ ಮಡಚಿರಲಿ. ನಿಧಾನವಾಗಿ ಉಸಿರಾಡಿ. ಹೆಚ್ಚಿನವರಲ್ಲಿ ಕೆಲವೇ ನಿಮಿಷದಲ್ಲಿ ತಾನೇ ಒಳಗೆ ಹೋಗುತ್ತದೆ. ಯಾವಾಗಲೂ ಸಲೀಸಾಗಿ ಹೋಗುವಂಥದ್ದಾದರೆ ಅಂಗೈಯಿಂದ ಮೆತ್ತಗೆ ಒತ್ತಿ ಸಹಾಯ ಮಾಡಬಹುದು. ನೋವಿದ್ದರೆ, ಗಟ್ಟಿಯಾಗಿದ್ದರೆ ಒತ್ತಲೇಬೇಡಿ. ಒಳಗೆ ಹೋದ ಮೇಲೆ ಆ ದಿನದ ವ್ಯಾಯಾಮ ಅಲ್ಲಿಗೆ ಸಾಕು, ಮರುದಿನ ಅದೇ ಚಲನೆಯನ್ನು ಅರ್ಧಕ್ಕಿಳಿಸಿ. ಮತ್ತೆ ಬಂದರೆ ಆ ವ್ಯಾಯಾಮ ಬಿಟ್ಟುಬಿಡಿ.

ನೋವಿಗೂ ಒಂದು ಅಳತೆ ಇಟ್ಟುಕೊಳ್ಳಿ. ಹತ್ತರಲ್ಲಿ ಎರಡರಷ್ಟು ಎಳೆತ ಪರವಾಗಿಲ್ಲ. ಮೂರು ದಾಟಿದರೆ, ಅಥವಾ ಮರುದಿನವೂ ಉಳಿದರೆ ಹೆಚ್ಚಾಗಿದೆ ಎಂದರ್ಥ.

ಯಾವ ಯೋಗಾಸನ ಬೇಡ?

ಕಪಾಲಭಾತಿ ಮತ್ತು ಭಸ್ತ್ರಿಕಾ ಬೇಡವೇ ಬೇಡ. ನಿಮಿಷಕ್ಕೆ ಹತ್ತಾರು ಸಲ ಹೊಟ್ಟೆಯನ್ನು ಒದ್ದಂತೆ ಹಿಂಡುವ ಕ್ರಿಯೆಗಳಿವು. ಟಿವಿ ನೋಡಿ ಕಪಾಲಭಾತಿ ಕಲಿತವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಒತ್ತಿ ಹೇಳುತ್ತಿದ್ದೇವೆ. ನೌಲಿ, ಮಯೂರಾಸನ, ಎರಡೂ ಕಾಲು ಒಟ್ಟಿಗೆ ಎತ್ತುವ ಉತ್ತಾನಪಾದಾಸನ, ನೌಕಾಸನ, ಧನುರಾಸನ, ಚಕ್ರಾಸನ ಕೂಡ ಬೇಡ. ಕೆಲವು ಹೊಟ್ಟೆಯನ್ನು ಹಿಂಡುತ್ತವೆ, ಕೆಲವು ಸಡಿಲವಾದ ಜಾಗವನ್ನೇ ಹಿಗ್ಗಿಸುತ್ತವೆ.

ಸೂರ್ಯನಮಸ್ಕಾರ ಪೂರ್ತಿ ಬಿಡಬೇಕಾಗಿಲ್ಲ. ಹಿಂದಕ್ಕೆ ಬಾಗುವುದನ್ನು ಕಡಿಮೆ ಮಾಡಿ, ಕಾಲನ್ನು ಹಾರಿಸದೆ ಒಂದೊಂದಾಗಿ ಹಿಂದಿಡಿ, ಅಷ್ಟಾಂಗ ನಮಸ್ಕಾರ ಬಿಟ್ಟು ಮಂಡಿ ಊರಿ ಇಳಿಯಿರಿ, ಭುಜಂಗಾಸನದಲ್ಲಿ ಹೊಕ್ಕುಳು ನೆಲ ಬಿಡದಿರಲಿ. 12 ಸುತ್ತಿನ ಬದಲು 4 ನಿಧಾನದ ಸುತ್ತು. ಅಶ್ವಸಂಚಲನದಲ್ಲಿ ಹಿಂದಿನ ಕಾಲಿನ ತೊಡೆಸಂದು ಎಳೆದಂತಾದರೆ ಹೆಜ್ಜೆ ಗಿಡ್ಡ ಮಾಡಿ.

ಅನುಲೋಮ ವಿಲೋಮ, ಭ್ರಾಮರಿ, ತಾಡಾಸನ, ಮಾರ್ಜಾಲಾಸನ, ಒಂದೇ ಕಾಲಿನ ಪವನಮುಕ್ತಾಸನ, ಶವಾಸನ ಮಾಡಬಹುದು. ಪ್ರಾಣಾಯಾಮದಲ್ಲಿ ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಬೇಡ.

ಜಿಮ್‌ಗೆ ಹೋಗುತ್ತೇನೆ. ಪೂರ್ತಿ ಬಿಡಬೇಕಾ?

ಬೇಡ, ಬದಲಿಸಿಕೊಳ್ಳಿ. ಸಣ್ಣ, ನೋವಿಲ್ಲದ, ಒಳಗೆ ಹೋಗುವ ತೊಡೆಸಂದಿನ ಹರ್ನಿಯಾ ಇದ್ದವರು ಮೊದಲು ಎತ್ತುತ್ತಿದ್ದ ತೂಕದ ಅರ್ಧಕ್ಕೆ ಇಳಿದು 12ರಿಂದ 15 ಸಲ ಎತ್ತುವಂತೆ ಮಾಡಿಕೊಳ್ಳಿ. ಕೊನೆಯ ಸಲದಲ್ಲೂ ಇನ್ನು ನಾಲ್ಕು ಸಲ ಮಾಡಬಹುದಿತ್ತು ಅನ್ನಿಸಬೇಕು. ಸುತ್ತುಗಳ ನಡುವೆ ಒಂದೂವರೆ ನಿಮಿಷ ಬಿಡುವು. ಕೂತು ಅಥವಾ ಒರಗಿ ಮಾಡುವ ಎದೆ, ಭುಜ, ಬೆನ್ನಿನ ವ್ಯಾಯಾಮಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಭಾರೀ ಡೆಡ್‌ಲಿಫ್ಟ್, ಭಾರೀ ಸ್ಕ್ವಾಟ್ ಬದಿಗಿಡಿ, ಅಲ್ಲಿ ಉಸಿರು ಹಿಡಿಯದೆ ವಿಧಿಯಿಲ್ಲ. ಲೆಗ್ ಪ್ರೆಸ್ ಸುರಕ್ಷಿತ ಎಂದುಕೊಳ್ಳುವವರಿದ್ದಾರೆ. ಮಂಡಿ ಎದೆಗೆ ಒತ್ತಿಕೊಂಡು ನೂರಾರು ಕೆಜಿ ತಳ್ಳುವಾಗ ಹೊಟ್ಟೆ ಎರಡೂ ಕಡೆಯಿಂದ ಸಿಕ್ಕಿಬೀಳುತ್ತದೆ, ಅದೂ ಬೇಡ. ಸಿಟ್‌ಅಪ್, ಕ್ರಂಚ್, ತೂಗಾಡುತ್ತ ಕಾಲೆತ್ತುವುದು, ಬರ್ಪೀ, ಬಾಕ್ಸ್ ಜಂಪ್ ಬೇಡ. ಪ್ಲ್ಯಾಂಕ್ ಮಾಡಲೇಬೇಕೆಂದರೆ ಗೋಡೆಗೋ ಎತ್ತರದ ಮೇಜಿಗೋ ಕೈ ಊರಿ, 15 ಸೆಕೆಂಡ್, ಉಸಿರಾಡುತ್ತ. ಗರಡಿಯ ದಂಡ ಹೊಡೆಯುವವರಿಗೂ ಇದೇ ಮಾತು: ಗೋಡೆಗೆ ಕೈಕೊಟ್ಟು ಮಾಡಿ, ನೆಲದ ಮೇಲೆ ಈಜಿದಂತೆ ಹೊಟ್ಟೆ ಇಳಿಬಿಡುವ ದಂಡ ಸದ್ಯಕ್ಕೆ ಬೇಡ.

ಹರ್ನಿಯಾ ಇರುವುದನ್ನು ಟ್ರೇನರ್‌ಗೆ ಮೊದಲೇ ಹೇಳಿ. ‘ಇನ್ನೊಂದು ರೆಪ್ ಹೊಡಿ’ ಎಂದು ಹುರಿದುಂಬಿಸುವುದು ಅವರ ಕೆಲಸ, ನಿಲ್ಲಿಸುವುದು ನಿಮ್ಮದು.

ಜಿಮ್ ಬೆಲ್ಟ್ ಕಟ್ಟಿಕೊಂಡರೆ ಸಾಕಲ್ಲವೇ?

ಅದು ಉಲ್ಟಾ ಕೆಲಸ ಮಾಡುತ್ತದೆ. ವೇಟ್‌ಲಿಫ್ಟಿಂಗ್ ಬೆಲ್ಟ್ ಇರುವುದೇ ಹೊಟ್ಟೆಯೊಳಗಿನ ಒತ್ತಡ ಏರಿಸಿ ಬೆನ್ನುಮೂಳೆಗೆ ಆಸರೆ ಕೊಡಲಿಕ್ಕೆ. ಹೊಟ್ಟೆಯ ಮಧ್ಯಕ್ಕೆ ಬಿಗಿದರೆ ಒತ್ತಡ ಕೆಳಗೆ, ತೊಡೆಸಂದಿನ ಕಡೆಗೇ ಹೋಗುತ್ತದೆ.

ಮೆಡಿಕಲ್ ಶಾಪ್‌ನ ಹರ್ನಿಯಾ ಬೆಲ್ಟ್?

ಅದು ಬೇರೆ. ಆಪರೇಷನ್ ಮಾಡಲಾಗದಷ್ಟು ವಯಸ್ಸಾದವರಿಗೆ, ಸರದಿ ಕಾಯುತ್ತಿರುವವರಿಗೆ ನಡೆಯುವಾಗ ತುಸು ಆರಾಮ ಕೊಡಬಹುದು. ಹರ್ನಿಯಾವನ್ನು ಮುಚ್ಚುವುದಿಲ್ಲ. ಮಲಗಿ, ಉಬ್ಬನ್ನು ಪೂರ್ತಿ ಒಳಗೆ ಕಳಿಸಿ, ಮಲಗಿದ್ದಂತೆಯೇ ಕಟ್ಟಿಕೊಳ್ಳಬೇಕು, ರಾತ್ರಿ ಬಿಚ್ಚಬೇಕು. ಉಬ್ಬು ಹೊರಗಿದ್ದಾಗಲೇ ಅದರ ಮೇಲೆ ಬಿಗಿದರೆ ಕರುಳು ಬೆಲ್ಟಿಗೂ ಗೋಡೆಗೂ ನಡುವೆ ನಜ್ಜುಗುಜ್ಜಾಗುತ್ತದೆ. ನಮ್ಮ ಬೆವರಿನ ಹವೆಯಲ್ಲಿ ಕೆಳಗಿನ ಚರ್ಮ ಬೇಗ ಹುಣ್ಣಾಗುತ್ತದೆ, ದಿನಾ ತೊಳೆದು ಒಣಗಿಸಿ. ಫೆಮೊರಲ್ ಹರ್ನಿಯಾಗೆ ಬೆಲ್ಟ್ ಬೇಡ.

ಓಟ, ಸೈಕಲ್, ಈಜು, ಬ್ಯಾಡ್ಮಿಂಟನ್?

ಈಜು ಒಳ್ಳೆಯದು, ನೀರು ಭಾರ ಹೊರುತ್ತದೆ. ಹಾರಿ ಧುಮುಕುವುದು ಬೇಡ, ತೊಡೆಸಂದು ಎಳೆದರೆ ಕಪ್ಪೆಯಂತೆ ಕಾಲು ಒದೆಯುವ ಈಜೂ ಬೇಡ. ಸಮತಟ್ಟಾದ ದಾರಿಯಲ್ಲಿ ಸೈಕಲ್ ತುಳಿಯಬಹುದು. ಏರಿನಲ್ಲಿ ನಿಂತು ತುಳಿಯುವ ಬದಲು ಇಳಿದು ತಳ್ಳಿ. ಓಟದಲ್ಲಿ ಉಬ್ಬು ಹೊರಬರುವವರು ನಡಿಗೆಗೆ ಮರಳಬೇಕು. ವಾಲಿಬಾಲ್, ಕಬಡ್ಡಿ, ಬ್ಯಾಡ್ಮಿಂಟನ್ ಸ್ಮ್ಯಾಷ್, ವೇಗದ ಬೌಲಿಂಗ್ ಆಪರೇಷನ್ ಆಗಿ ಚೇತರಿಸಿಕೊಳ್ಳುವವರೆಗೆ ಬೇಡ.

ಆಟಗಾರರಿಗೆ ‘ಸ್ಪೋರ್ಟ್ಸ್ ಹರ್ನಿಯಾ’ ಎಂದು ಹೇಳುವ ನೋವಿದೆ. ಅದರಲ್ಲಿ ಉಬ್ಬೂ ಇಲ್ಲ, ತೂತೂ ಇಲ್ಲ, ತೊಡೆಸಂದಿನ ಸ್ನಾಯು ಮತ್ತು ಸ್ನಾಯುರಜ್ಜು ಹರಿದ ತೊಂದರೆ. ಅದಕ್ಕೆ ಫಿಸಿಯೋಥೆರಪಿಯೇ ಮೊದಲ ಚಿಕಿತ್ಸೆ.

ಮನೆಗೆಲಸ, ಹೊಲದ ಕೆಲಸ, ಕೂಲಿ ಬಿಡಲಾಗುವುದಿಲ್ಲ. ಏನು ಮಾಡಲಿ?

ತುಂಬಿದ ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆಜಿ, ಕಬ್ಬಿಣ ಸೇರಿ 30 ಕೆಜಿಯ ಹತ್ತಿರ. ಅದನ್ನು ಎತ್ತಬೇಡಿ, ಅಂಚಿನ ಮೇಲೆ ನಿಲ್ಲಿಸಿ ಉರುಳಿಸಿ. ಕುಡಿಯುವ ನೀರಿನ 20 ಲೀಟರ್ ಕ್ಯಾನನ್ನು ಎದೆಯೆತ್ತರಕ್ಕೆ ಎತ್ತಿ ಬೋರಲು ಹಾಕುವುದು ಅತಿ ಕೆಟ್ಟ ಭಂಗಿ, ಕ್ಯಾನಿನ ಬಾಯಿಗೆ ಹಾಕುವ ಕೈಪಂಪು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೀರನ್ನು ಸೊಂಟದ ಮೇಲೆ ತುಂಬಿದ ಒಂದು ಕೊಡದಲ್ಲಿ ತರುವುದಕ್ಕಿಂತ ಎರಡು ಕೈಗೆ ಅರ್ಧರ್ಧ ಬಕೆಟ್ ವಾಸಿ. ಬೈಕನ್ನು ಮೇನ್ ಸ್ಟ್ಯಾಂಡಿಗೆ ಎಳೆಯಬೇಡಿ, ಸೈಡ್ ಸ್ಟ್ಯಾಂಡ್ ಸಾಕು. ರಾಗಿ ಬೀಸುವುದು, ರುಬ್ಬುವುದು ಇದ್ದರೆ ಕೂತು, ಉಸಿರು ಬಿಡುತ್ತ.

50 ಕೆಜಿ ಮೂಟೆ ಹೊರುವ ಹಮಾಲಿ ಕೆಲಸ, ಅಡಿಕೆ ತೆಂಗಿನ ಮರ ಹತ್ತುವ ಕೆಲಸ ಮಾಡುವವರಿಗೆ ಈ ಉಪಾಯಗಳು ಸಾಲುವುದಿಲ್ಲ. ಅಂಥವರು ಸುಗ್ಗಿ ಮುಗಿಯಲಿ ಎಂದು ವರ್ಷದಿಂದ ವರ್ಷಕ್ಕೆ ತಳ್ಳುವ ಬದಲು ಕೆಲಸ ಕಡಿಮೆ ಇರುವ ತಿಂಗಳು ನೋಡಿ ಆಪರೇಷನ್ ಮಾಡಿಸಿಕೊಳ್ಳುವುದೇ ಸರಿ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಹರ್ನಿಯಾ ಆಪರೇಷನ್ ಮಾಡುತ್ತಾರೆ. ಬಿಪಿಎಲ್ ಕಾರ್ಡ್, ಆಧಾರ್ ಹಿಡಿದು ಹೋಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ.

ಕೆಮ್ಮು, ಮಲಬದ್ಧತೆಗೂ ಇದಕ್ಕೂ ಏನು ಸಂಬಂಧ?

ವ್ಯಾಯಾಮಕ್ಕಿಂತ ದೊಡ್ಡ ಸಂಬಂಧ. ಎರಡು ವಾರ ಮೀರಿದ ಕೆಮ್ಮನ್ನು ತೋರಿಸಿಕೊಳ್ಳಿ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ತರಹದ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಬರುತ್ತದೆ. ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಬರೆಯುತ್ತಾರೆ. ಕೆಮ್ಮು, ಸೀನು ಬಂದಾಗ ಉಬ್ಬಿನ ಜಾಗಕ್ಕೆ ಅಂಗೈ ಒತ್ತಿ ಹಿಡಿಯಿರಿ.

ಮಲಕ್ಕೆ ಹೋದಾಗ ತಿಣುಕಬಾರದು. ಕಮೋಡ್ ಇದ್ದರೆ ಕಾಲ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಮಣೆ ಇಟ್ಟು ಮುಂದಕ್ಕೆ ಬಾಗಿ, ಕುಕ್ಕರುಗಾಲಿನಲ್ಲಿ ಕೂತಾಗಿನ ಅನುಕೂಲ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಮುದ್ದೆಗೆ ಬಸ್ಸಾರು, ಸೊಪ್ಪು, ಹುರುಳಿ ಸೇರಿದರೆ ಹೊಟ್ಟೆಗೆ ಬೇರೆ ಔಷಧಿ ಬೇಕಾಗುವುದು ಕಡಿಮೆ. ಇಸಬ್ಗೋಲ್ ತೆಗೆದುಕೊಳ್ಳುವವರು ಒಂದು ಚಮಚಕ್ಕೆ ಒಂದು ದೊಡ್ಡ ಲೋಟ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ.

60 ದಾಟಿದ ಗಂಡಸರು ಮೂತ್ರಕ್ಕೆ ತಿಣುಕುತ್ತಿದ್ದರೆ ಪ್ರಾಸ್ಟೇಟ್ ಪರೀಕ್ಷೆ ಮೊದಲು. ಅದನ್ನು ಸರಿಪಡಿಸದೆ ಹರ್ನಿಯಾ ಹೊಲಿದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು.

ಹೆರಿಗೆಯಾದ ಮೇಲೆ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬುತ್ತದೆ. ಹರ್ನಿಯಾನಾ?

ಹೆಚ್ಚಾಗಿ ಅಲ್ಲ. ಎರಡು ನೇರ ಸ್ನಾಯುಗಳ ನಡುವಿನ ಪಟ್ಟಿ ಅಗಲವಾಗಿರುತ್ತದೆ, ತೂತು ಇರುವುದಿಲ್ಲ. ಇದಕ್ಕೆ ಮೇಲಿನ ಉಸಿರಾಟ, ಸೊಂಟ ಒತ್ತುವುದು, ಹಿಮ್ಮಡಿ ಜಾರಿಸುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಆದರೆ ಹೊಕ್ಕುಳಲ್ಲೋ ಸಿಸೇರಿಯನ್ ಗಾಯದಲ್ಲೋ ದುಂಡಗೆ ಒಂದೇ ಕಡೆ ಉಬ್ಬಿದರೆ ತೋರಿಸಿಕೊಳ್ಳಿ. ಬಾಣಂತಿಗೆ ಹೊಟ್ಟೆ ಕಟ್ಟುವ ಬಟ್ಟೆ ಉಸಿರು ಕಟ್ಟುವಷ್ಟು ಬಿಗಿ ಬೇಡ.

ಮಗುವಿನ ಹೊಕ್ಕುಳ ಉಬ್ಬಿದೆ. ನಾಣ್ಯ ಕಟ್ಟಬಹುದಾ?

ಬೇಡ. ಹಸುಗೂಸಿನ ಹೊಕ್ಕುಳ ಹರ್ನಿಯಾ ಬಹುಪಾಲು 4-5 ವರ್ಷದೊಳಗೆ ತಾನೇ ಮುಚ್ಚುತ್ತದೆ. ನಾಣ್ಯದಿಂದ ಚರ್ಮ ಹುಣ್ಣಾಗುತ್ತದೆ, ಬೇರೇನೂ ಆಗುವುದಿಲ್ಲ. ತೊಡೆಸಂದಿನ ಉಬ್ಬು ಹಾಗಲ್ಲ, ತಾನಾಗಿ ಮುಚ್ಚುವುದಿಲ್ಲ. ಕಂಡ ವಾರವೇ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಮಗುವಾದರೆ.

ಹಯೇಟಸ್ ಹರ್ನಿಯಾಗೂ ಇದೇ ನಿಯಮವೇ?

ಹೊರಗೆ ಉಬ್ಬು ಕಾಣದು, ತೊಂದರೆ ಎದೆಯುರಿ ಮತ್ತು ಹುಳಿ ತೇಗಿನದು. ಊಟವಾಗಿ 2-3 ಗಂಟೆ ಬಿಟ್ಟು ವ್ಯಾಯಾಮ ಮಾಡಿ. ತಲೆ ಕೆಳಗಾಗುವ ಆಸನ, ಬಗ್ಗಿ ಭಾರ ಎತ್ತುವುದು ಬೇಡ. ಮಂಚದ ತಲೆಯ ಕಡೆ ಕಾಲುಗಳನ್ನು 15 ಸೆಂಟಿಮೀಟರಿನಷ್ಟು ಎತ್ತರಿಸಿ.

ನೋವಿಲ್ಲದಿದ್ದರೆ ಆಪರೇಷನ್ ಮುಂದೂಡಬಹುದೇ?

ತೊಂದರೆ ಕೊಡದ ಇಂಗ್ವೈನಲ್ ಹರ್ನಿಯಾ ಇರುವ ಗಂಡಸರು ವೈದ್ಯರ ಕಣ್ಣಳತೆಯಲ್ಲಿದ್ದು ಕಾಯಬಹುದು. 720 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವಿರ ಮಂದಿ ಒಂದು ವರ್ಷ ಕಾದರೆ 1.8 ಮಂದಿಗೆ ಎನ್ನುವ ಲೆಕ್ಕದಲ್ಲಿ ಮಾತ್ರ ತುರ್ತು ಪರಿಸ್ಥಿತಿ ಬಂತು. ಆದರೆ ಹತ್ತು ವರ್ಷ ಬಿಟ್ಟು ನೋಡಿದಾಗ ಕಾದವರಲ್ಲಿ ಶೇ. 68ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು, ಬಹುಪಾಲು ನೋವು ಹೆಚ್ಚಾಗಿದ್ದಕ್ಕೆ. ಕಾಯುವುದು ತಪ್ಪಲ್ಲ. ದೊಡ್ಡಾಸ್ಪತ್ರೆಗೆ ನಾಲ್ಕು ಗಂಟೆ ದಾರಿ ಇರುವ ಹಳ್ಳಿಯಲ್ಲಿದ್ದರೆ ಅಥವಾ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇನ್ನೂ ಹತೋಟಿಯಲ್ಲಿರುವ ವಯಸ್ಸಾದರೆ, ಆರೋಗ್ಯ ಚೆನ್ನಾಗಿರುವಾಗಲೇ ದಿನ ಗೊತ್ತು ಮಾಡಿಕೊಳ್ಳುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಜಾಲರಿ ಎಂದರೆ ಭಯ. ಅದು ಏನು?

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಬಲೆ, ಅದನ್ನು ಮೆಶ್ ಎನ್ನುತ್ತಾರೆ. ತೂತಿನ ಅಂಚುಗಳನ್ನು ಎಳೆದು ಹೊಲಿದರೆ ಬಿಗಿತದಿಂದ ಹೊಲಿಗೆ ಹರಿಯುತ್ತಿತ್ತು. ಬಲೆಯ ಕಣ್ಣುಗಳೊಳಗೆ ದೇಹದ್ದೇ ನಾರು ಬೆಳೆದು ಹೊಸ ಗೋಡೆಯಾಗುತ್ತದೆ. ಸೊಂಟದ ಕೆಳಗೆ ಅಥವಾ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ತೆರೆದು ಮಾಡಬಹುದು. ಪೂರ್ತಿ ಅರಿವಳಿಕೆ ಕೊಟ್ಟು ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ) ಮಾಡಿದರೆ ನೋವು ಕಡಿಮೆ, ಕೆಲಸಕ್ಕೆ ಮರಳುವುದು ತುಸು ಬೇಗ. ಹೆಂಗಸರಿಗೆ, ಎರಡೂ ಕಡೆ ಇರುವವರಿಗೆ ಇದೇ ಅನುಕೂಲ.

ದುಬಾರಿ ಮೆಶ್‌ಗೆ ಬಡವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ. ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ್ ತೊಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿರಹಿತ ಮಾಡಿ ಜಾಲರಿಯಾಗಿ ಬಳಸಿ ತೋರಿಸಿದರು. ಅಂಥದೇ ಅಗ್ಗದ ಜಾಲರಿಯನ್ನು ಉಗಾಂಡಾದಲ್ಲಿ 302 ಗಂಡಸರ ಮೇಲೆ ದುಬಾರಿ ಮೆಶ್ ಜೊತೆ ಹೋಲಿಸಿ ನೋಡಿದ ಫಲಿತಾಂಶ 2016ರಲ್ಲಿ ಬಂತು. ಒಂದು ವರ್ಷದ ನಂತರ ಅಗ್ಗದ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಹರ್ನಿಯಾ ಮರಳಿತ್ತು.

ಆಪರೇಷನ್ ಆದ ಮೇಲೆ ಯಾವಾಗ ಏನು ಮಾಡಬಹುದು?

ಅದೇ ದಿನ ಸಂಜೆ ಅಥವಾ ಮರುದಿನ ಎದ್ದು ನಡೆಯಿರಿ. ಮಲಗೇ ಇರುವುದರಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ 5-10 ನಿಮಿಷದ ನಡಿಗೆ, ಉಸಿರಾಟದ ವ್ಯಾಯಾಮ. ಮೆಟ್ಟಿಲು ಹತ್ತಬಹುದು. ಕೆಲವು ನೋವಿನ ಮಾತ್ರೆಗಳು ಮಲ ಕಟ್ಟಿಸುತ್ತವೆ, ಮೊದಲ ದಿನದಿಂದಲೇ ನೀರು, ಹಣ್ಣು ಹೆಚ್ಚಿಸಿ.

2018ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಇಂಗ್ವೈನಲ್ ಆಪರೇಷನ್ ಆದವರಿಗೆ ನೋವು ಬಿಟ್ಟುಕೊಟ್ಟಷ್ಟು ಬೇಗ ದಿನದ ಕೆಲಸಕ್ಕೆ ಮರಳಿ ಎನ್ನುತ್ತದೆ. ಹಳೆಯ ಕಾಲದ ಮೂರು ತಿಂಗಳ ವಿಶ್ರಾಂತಿಗೆ ಆಧಾರ ಇಲ್ಲ. ಆದರೂ ನಮ್ಮ ಶಸ್ತ್ರವೈದ್ಯರಲ್ಲಿ ಹೆಚ್ಚಿನವರು ಭಾರೀ ಕೆಲಸಕ್ಕೆ 4ರಿಂದ 6 ವಾರ ಬಿಡಲು ಹೇಳುತ್ತಾರೆ. ಮೇಜಿನ ಕೆಲಸಕ್ಕೆ ಒಂದು ವಾರ, ಸ್ಕೂಟರ್ ಕಾರಿಗೆ ತಟ್ಟನೆ ಬ್ರೇಕ್ ತುಳಿದರೂ ನೋವಾಗದಷ್ಟು ಆದ ಮೇಲೆ. 2 ವಾರದಿಂದ ಮೇಲಿನ ಐದು ವ್ಯಾಯಾಮ, 4 ವಾರದಿಂದ ಹಗುರ ತೂಕ, 6 ವಾರದ ನಂತರ ವಾರಕ್ಕೆ ಹತ್ತನೇ ಒಂದು ಪಾಲಿನಂತೆ ಏರಿಸುತ್ತ ಹಳೆಯ ತೂಕದ ಕಡೆಗೆ ಹೋಗಬಹುದು. ಹೊಟ್ಟೆಯ ಮಧ್ಯದ ದೊಡ್ಡ ಇನ್ಸಿಷನಲ್ ಹರ್ನಿಯಾ ಆದವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರ ಅವಧಿ ಇನ್ನೂ ಉದ್ದ, ವೈದ್ಯರೇ ಹೇಳಬೇಕು.

ಹೊಲಿಗೆಯ ಕೆಳಗೆ ಗಟ್ಟಿ ಗೆರೆಯಂತೆ ಸಿಗುವುದು, ವೃಷಣದ ಚೀಲ ಕೆಲ ದಿನ ಊದಿ ನೀಲಿಗಟ್ಟುವುದು ಸಾಮಾನ್ಯ. ಕೀವು, ಜ್ವರ, ಹೆಚ್ಚುತ್ತಲೇ ಹೋಗುವ ಊತ, ಮೂತ್ರ ಕಟ್ಟುವುದು ಸಾಮಾನ್ಯವಲ್ಲ, ಆ ದಿನವೇ ಹೋಗಿ. ಮೂರು ತಿಂಗಳ ಮೇಲೂ ಉಳಿಯುವ ನೋವು ನೂರಕ್ಕೆ 10-12 ಮಂದಿಗೆ ಕಾಡುತ್ತದೆ, ಬಹಳಷ್ಟು ಜನರಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಅದನ್ನು ನುಂಗಿಕೊಂಡು ಕೂರಬೇಡಿ, ನರದ ನೋವಿಗೆ ಬೇರೆಯೇ ಮಾತ್ರೆ ಮತ್ತು ಇಂಜೆಕ್ಷನ್ ಚಿಕಿತ್ಸೆ ಇದೆ.

ತುರ್ತು ಪರಿಸ್ಥಿತಿ ಎಂದು ಹೇಗೆ ಗೊತ್ತಾಗುತ್ತದೆ? ಆಗ ಏನು ಮಾಡಬೇಕು?

ದಿನಾ ಒಳಗೆ ಹೋಗುತ್ತಿದ್ದ ಉಬ್ಬು ಇದ್ದಕ್ಕಿದ್ದಂತೆ ಹೋಗುವುದಿಲ್ಲ, ಕಲ್ಲಿನಂತೆ ಬಿಗಿಯುತ್ತದೆ, ಮುಟ್ಟಿದರೆ ಚೀರುವಷ್ಟು ನೋವು. ಹೊಟ್ಟೆ ಉಬ್ಬರಿಸಿ ಹಿಂಡುತ್ತದೆ, ವಾಂತಿಯಾಗುತ್ತದೆ, ಗಾಳಿಯೂ ಮಲವೂ ಹೋಗುವುದಿಲ್ಲ. ಉಬ್ಬಿನ ಮೇಲಿನ ಚರ್ಮ ಕೆಂಪಾಗಿ, ಆಮೇಲೆ ನೇರಳೆಯಾಗುತ್ತದೆ. ಸಿಕ್ಕಿಬಿದ್ದ ಕರುಳಿಗೆ ರಕ್ತ ನಿಂತಿದೆ ಎಂದು ಅರ್ಥ. ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯತೊಡಗುತ್ತದೆ.

ಬಲವಂತವಾಗಿ ಒಳಗೆ ತಳ್ಳಬೇಡಿ, ಸತ್ತ ಕರುಳು ಒಳಗೆ ಹೋದರೆ ಅಪಾಯ ದುಪ್ಪಟ್ಟು. ಎಣ್ಣೆ ತಿಕ್ಕಬೇಡಿ, ಬಿಸಿ ಕಾವು ಕೊಡಬೇಡಿ, ಭೇದಿ ಮಾತ್ರೆ ಕೊಡಬೇಡಿ. ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ, ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. 108ಕ್ಕೆ ಕರೆ ಮಾಡಿ ಶಸ್ತ್ರವೈದ್ಯರೂ ಅರಿವಳಿಕೆ ತಜ್ಞರೂ ಇರುವ ಆಸ್ಪತ್ರೆಗೇ ನೇರ ಹೋಗಿ. ನೋವು ಶುರುವಾದ ಗಂಟೆ, ಕೊನೆಯ ಸಲ ಊಟ ಮಾಡಿದ ಗಂಟೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅದರ ಹೆಸರು, ಒಂದು ಚೀಟಿಯಲ್ಲಿ ಬರೆದು ಜೊತೆಗೆ ಹೋಗುವವರ ಕೈಗೆ ಕೊಡಿ.